ಕುದುರೆ ಸಿಗದ ಕುದುರೆ ಸೈನಿಕ: ಆಸ್ಟ್ರೇಲಿಯಾದ ಯುದ್ಧ ಕಡತಗಳ ಜಾಲತಾಣಗಳಲ್ಲಿ ಮೂರು ವಾರ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಆಸ್ಟ್ರೇಲಿಯಾದ ಸೈನಿಕನೊಬ್ಬನ ಕಡತ ನೋಡಬೇಕಾದರೆ ನೀವು ಯಾರಿಗೂ ಒಂದು ಸೆಂಟ್ ಕೂಡ ಕೊಡಬೇಕಾಗಿಲ್ಲ. ನಾನು 39 ಡಾಲರ್ ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು. ಈ ವಿಮರ್ಶೆ ಬರೆಯಲು ಕೂತಿರುವುದಕ್ಕೆ ಅರ್ಧ ಕಾರಣ ಅದೇ.

ಇನ್ನರ್ಧ ಕಾರಣ ನನ್ನ ಮಗ. ಐದನೇ ಕ್ಲಾಸು. ಏಪ್ರಿಲ್ 25ರ ಆನ್ಜಾಕ್ ದಿನಕ್ಕೆ (ಯುದ್ಧಕ್ಕೆ ಹೋದ ಸೈನಿಕರನ್ನು ಇಲ್ಲಿ ನೆನೆಯುವ ದಿನ) ಮುಂಚೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಒಬ್ಬ ಸೈನಿಕನನ್ನು ಆರಿಸಿಕೊಂಡು ಅವನ ಬದುಕಿನ ಬಗ್ಗೆ ಚಾರ್ಟ್ ಮಾಡಬೇಕು. "ಅಮ್ಮಾ, ಎಲ್ಲರೂ ಅವರವರ ಮುತ್ತಾತನ ಬಗ್ಗೆ ಮಾಡ್ತಿದ್ದಾರೆ. ನಾವು ಯಾರ ಬಗ್ಗೆ ಮಾಡೋಣ?" ಅಂದ. ನನ್ನ ಮುತ್ತಾತ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಬಂದೂಕು ಮುಟ್ಟಿದವರಲ್ಲ. ನಾನೂ ಅದೇ ಕಸುಬು ಮುಂದುವರಿಸಿದ್ದೇನೆ, ಬ್ರಿಸ್ಬೇನಿನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ.

ನಮ್ಮ ಮನೆ ವೆಸ್ಟ್ ಎಂಡ್‌ನಲ್ಲಿದೆ. ಮಾಂಟೆಗ್ಯೂ ರಸ್ತೆಯಲ್ಲಿ ಒಂದು ಕಂಚಿನ ಫಲಕವಿದೆ. ದಿನಾ ಅದರ ಮುಂದೆಯೇ ಓಡಾಡಿದರೂ ನಾನು ಒಂದು ಸಲವೂ ನಿಂತು ಓದಿರಲಿಲ್ಲ. ಮಗ ಓದಿದ್ದ. "ಬಿಲ್ಲಿ ಸಿಂಗ್ ಅಂತ ಒಬ್ರು ಇಲ್ಲೇ ಸತ್ತಿದ್ದಂತೆ. ಸಿಂಗ್ ಅಂದ್ರೆ ಪಂಜಾಬಿನವರಾ?" ಅಂತ ಕೇಳಿದ. ನಾನೂ ಹಾಗೇ ಅಂದುಕೊಂಡೆ. ಇಬ್ಬರ ಊಹೆಯೂ ತಪ್ಪು.

ವಿಲಿಯಂ ಎಡ್ವರ್ಡ್ ಸಿಂಗ್ ಹುಟ್ಟಿದ್ದು 1886ರ ಮಾರ್ಚ್ 2ರಂದು, ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ಕ್ಲೆರ್ಮಾಂಟ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಜಾನ್ ಸಿಂಗ್ ಶಾಂಘೈಯಿಂದ ಬಂದ ಚೀನೀಯ. ಅಮ್ಮ ಇಂಗ್ಲೆಂಡಿನ ನರ್ಸ್. ಹುಡುಗ ದನ ಮೇಯಿಸಿದ, ಮರದ ದಿಮ್ಮಿ ಸಾಗಿಸಿದ, ಕಬ್ಬು ಕಡಿದ, ಕಾಂಗರೂ ಹೊಡೆದ. ಪ್ರಾಸರ್‌ಪೈನ್ ಊರಿನ ರೈಫಲ್ ಕ್ಲಬ್ಬಿನಲ್ಲಿ ಗುರಿಗೆ ಹೆಸರಾದ. ಕ್ರಿಕೆಟ್ಟೂ ಚೆನ್ನಾಗಿ ಆಡುತ್ತಿದ್ದನಂತೆ. 1914ರ ಅಕ್ಟೋಬರ್ 24ರಂದು ಸೇನೆ ಸೇರಿ 5ನೇ ಲೈಟ್ ಹಾರ್ಸ್ ರೆಜಿಮೆಂಟಿನಲ್ಲಿ ಟ್ರೂಪರ್ ಆದ. ಅಂದರೆ ಕುದುರೆ ಮೇಲೆ ಹೋಗುವ ಸೈನಿಕ.

ಇಷ್ಟು 'ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ' ತಾಣದಲ್ಲೇ ಸಿಗುತ್ತದೆ. ಪುಕ್ಕಟೆ. ಕಣ್ಣಿಗೆ ಹಿತವಾದ, ಜಾಹೀರಾತಿಲ್ಲದ ಪುಟ. ಮಗನ ಚಾರ್ಟಿಗೆ ಅದೇ ಸಾಕಿತ್ತು. ಆದರೆ ಟೀಚರ್ "ಮೂಲ ದಾಖಲೆ ಒಂದಾದರೂ ಇರಬೇಕು" ಅಂದಿದ್ದರು. ನಾನು ಗೂಗಲ್ ಮಾಡಿ, ಎಲ್ಲಕ್ಕಿಂತ ಮೇಲೆ ಬಂದ ಕೊಂಡಿಯನ್ನು ಒತ್ತಿದೆ. ಅದೊಂದು ವಂಶವೃಕ್ಷದ ತಾಣ. ಹೆಸರು ಬೇಡ ಬಿಡಿ. ತಿಂಗಳಿಗೆ 39 ಡಾಲರ್. ರಾತ್ರಿ ಹನ್ನೊಂದು ಗಂಟೆ, ಪಕ್ಕದಲ್ಲಿ ಆಕಳಿಸುತ್ತಿರುವ ಮಗ, ಕೈಯಲ್ಲಿ ಕಾರ್ಡು. ಕೊಟ್ಟುಬಿಟ್ಟೆ. ಒಳಗೆ ಹೋದರೆ ಬಿಲ್ಲಿಯ ಹೆಸರು, ಒಂದು ಸಾಲು ವಿವರ, ಕೆಳಗೊಂದು ಗುಂಡಿ. ಒತ್ತಿದರೆ ಅದು ನನ್ನನ್ನು ನೇರವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದ ಪುಟಕ್ಕೆ ಕಳಿಸಿತು. ಅಲ್ಲಿ ಲಾಗಿನ್ನೂ ಇಲ್ಲ, ದುಡ್ಡೂ ಇಲ್ಲ. ದೇವಸ್ಥಾನದ ಬಾಗಿಲು ತೆರೆದೇ ಇದೆ, ಹೊರಗೆ ಕೂತವನೊಬ್ಬ ಟಿಕೆಟ್ ಮಾರುತ್ತಿದ್ದಾನೆ. ಹಾಗಾಯಿತು ನನ್ನ ಕಥೆ. ಆ ತಾಣಕ್ಕೆ ನನ್ನ ಲೆಕ್ಕದಲ್ಲಿ ಸೊನ್ನೆ ಸ್ಟಾರ್.

ಈಗ ಅಸಲಿ ವಿಮರ್ಶೆ. ಮೂರು ತಾಣಗಳಿವೆ. ಮೂರೂ ಸರ್ಕಾರದ್ದು, ಮೂರೂ ಉಚಿತ.

ಒಂದು, ರಾಷ್ಟ್ರೀಯ ಪತ್ರಾಗಾರದ ರೆಕಾರ್ಡ್‌ಸರ್ಚ್. ಇದರಲ್ಲಿ ಬಿ2455 ಅನ್ನೋ ಒಂದು ಸರಣಿ ಇದೆ. ಮೊದಲ ಮಹಾಯುದ್ಧದ ಆಸ್ಟ್ರೇಲಿಯನ್ ಇಂಪೀರಿಯಲ್ ಫೋರ್ಸ್, ಅಂದರೆ ಎಐಎಫ್ ಸೇರಿದವರ ಕಡತಗಳೆಲ್ಲ ಇದರಲ್ಲಿವೆ. ಸುಮಾರು 3 ಲಕ್ಷ 76 ಸಾವಿರ ಕಡತಗಳು, ಪುಟಪುಟವೂ ಸ್ಕ್ಯಾನ್ ಆಗಿದೆ. ಒಂದೊಂದು ಕಡತದ ಶೀರ್ಷಿಕೆಯೂ ಒಂದು ಲೆಡ್ಜರ್ ಸಾಲಿನ ಹಾಗಿದೆ: ಮನೆತನದ ಹೆಸರು, ಸ್ವಂತ ಹೆಸರು, ಆಮೇಲೆ ಎಸ್‌ಇಆರ್‌ಎನ್ ಅಂದರೆ ಸೈನಿಕನ ನಂಬರು, ಪಿಒಬಿ ಅಂದರೆ ಹುಟ್ಟಿದ ಊರು, ಪಿಒಇ ಅಂದರೆ ಸೇನೆ ಸೇರಿದ ಊರು, ಎನ್‌ಒಕೆ ಅಂದರೆ ಹತ್ತಿರದ ಸಂಬಂಧಿ. ಇದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಒಂದೇ ಹೆಸರಿನ ನಲವತ್ತು ಜನ ಬಂದರೂ ಊರು ನೋಡಿ ನಿಮ್ಮವನನ್ನು ಹಿಡಿಯಬಹುದು.

ಕಡತದ ಮೊದಲಲ್ಲಿ ಸೇರ್ಪಡೆಯ ಅರ್ಜಿ ಇರುತ್ತದೆ. ಅಚ್ಚಾದ ಪ್ರಶ್ನೆಗಳು, ಕೈಬರಹದ ಉತ್ತರಗಳು. ಹೆಸರೇನು? ಯಾವ ಊರಿನಲ್ಲಿ, ಅಥವಾ ಯಾವ ಊರಿನ ಹತ್ತಿರ ಹುಟ್ಟಿದ್ದು? ಹುಟ್ಟಿನಿಂದ ಬ್ರಿಟಿಷ್ ಪ್ರಜೆಯೋ, ಆಮೇಲೆ ಆದದ್ದೋ? ವಯಸ್ಸು? ಕಸುಬು? ಮದುವೆ ಆಗಿದೆಯೇ? ಜೈಲಿಗೆ ಹೋಗಿದ್ದೀಯಾ? ಹಿಂದಿನ ಪುಟದಲ್ಲಿ ಎತ್ತರ, ತೂಕ, ಎದೆಯ ಅಳತೆ, ಮೈಬಣ್ಣ, ಕಣ್ಣಿನ ಬಣ್ಣ, ಕೂದಲು, ಧರ್ಮ, ಮೈಮೇಲಿನ ಗುರುತು.

ನಾನು ಹಗಲಿಡೀ ಫಾರಂ ನೋಡುವವಳು. ಫಾರಂ ಏನು ಕೇಳುತ್ತದೆ ಅನ್ನುವುದಕ್ಕಿಂತ ಏನು ಕೇಳುವುದಿಲ್ಲ ಅನ್ನುವ ಕಡೆ ನನ್ನ ಕಣ್ಣು ಹೋಗುತ್ತದೆ. ಆ ಕಾಲದ ರಕ್ಷಣಾ ಕಾಯ್ದೆಯಲ್ಲಿ 'ಬಹುಪಾಲು ಯುರೋಪಿಯನ್ ಮೂಲದವರಲ್ಲದವರಿಗೆ' ಸೇನಾ ಸೇವೆಯಿಂದ ವಿನಾಯಿತಿ ಇತ್ತು. ವಿನಾಯಿತಿ ಅನ್ನೋದು ಮರ್ಯಾದೆಯ ಮಾತು. ಬರಬೇಡಿ ಅನ್ನೋದು ಅರ್ಥ. ಎಷ್ಟೋ ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದಾರೆ. ಆದರೆ ಅರ್ಜಿ ಕೇಳುವುದು ನೀನು ಎಲ್ಲಿ ಹುಟ್ಟಿದೆ ಅಂತ. ಅಪ್ಪ ಎಲ್ಲಿ ಹುಟ್ಟಿದ ಅಂತ ಕೇಳುವುದಿಲ್ಲ. ಕ್ಲೆರ್ಮಾಂಟ್ ಅಂದರೆ ಕ್ಲೆರ್ಮಾಂಟ್. ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಶಾಂಘೈಗೆ ಆ ಕಾಗದದಲ್ಲಿ ಕಾಲಂ ಇಲ್ಲ. ಉಳಿದದ್ದು ಸೇರಿಸಿಕೊಳ್ಳುವ ಅಧಿಕಾರಿಯ ಕಣ್ಣಿಗೆ ಬಿಟ್ಟದ್ದು. ಆ ದಿನ ಅವನು ಈ ಹುಡುಗನ ಮುಖ ನೋಡಿದನೋ, ಗುರಿ ನೋಡಿದನೋ! ಅಂತೂ ಸೇರಿಸಿಕೊಂಡ.

ಅರ್ಜಿಯ ನಂತರ ಬರುವುದು ಬಿ103 ಎಂಬ ಫಾರಂ. ಕಡತದ ಬೆನ್ನೆಲುಬು ಇದೇ. ವರದಿ ಬಂದ ದಿನ, ಯಾರಿಂದ ಬಂತು, ಏನಾಯಿತು, ಎಲ್ಲಿ, ಯಾವಾಗ. ಬಡ್ತಿ, ವರ್ಗಾವಣೆ, ಗಾಯ, ಆಸ್ಪತ್ರೆ, ದಂಡ, ಎಲ್ಲ ಒಂದೊಂದೇ ಸಾಲು. ಸಂಕ್ಷಿಪ್ತ ಅಕ್ಷರಗಳು ಮೊದಲು ತಲೆ ತಿನ್ನುತ್ತವೆ. ಟಿಒಎಸ್ ಅಂತ ಕಂಡಾಗ ನಾನು ಕಚೇರಿಯ ಅಭ್ಯಾಸಬಲದಿಂದ ಯಾವುದೋ ಷರತ್ತುಗಳಿಗೆ ಒಪ್ಪಿಕೊಂಡಿದ್ದಾನೆ ಅಂದುಕೊಂಡೆ. ಅಲ್ಲ, ಅದು 'ಟೇಕನ್ ಆನ್ ಸ್ಟ್ರೆಂತ್', ಅಂದರೆ ಆ ದಳದ ಲೆಕ್ಕಕ್ಕೆ ಸೇರಿಸಿಕೊಂಡರು. ಜಿಎಸ್‌ಡಬ್ಲ್ಯೂ ಅಂದರೆ ಗುಂಡೇಟಿನ ಗಾಯ. ಶೆಲ್ ಚೂರು ತಾಗಿದ್ದಕ್ಕೂ ಅದನ್ನೇ ಬರೆಯುತ್ತಿದ್ದರು. ಆರ್‌ಟಿಎ ಅಂದರೆ ಆಸ್ಟ್ರೇಲಿಯಾಕ್ಕೆ ವಾಪಸ್. ಮಗ ಗೋಡೆಗೆ ಒಂದು ಚೀಟಿ ಅಂಟಿಸಿ ಇವನ್ನೆಲ್ಲ ಬರೆದಿಟ್ಟ. ಎರಡನೇ ದಿನಕ್ಕೆ ಅವನು ನನಗಿಂತ ಬೇಗ ಓದುತ್ತಿದ್ದ.

ಕೈಬರಹದ ಬಗ್ಗೆ ಒಂದು ಮಾತು. ಗುಮಾಸ್ತನಿಂದ ಗುಮಾಸ್ತನಿಗೆ ಬರಹ ಬದಲಾಗುತ್ತದೆ. ಒಬ್ಬನ ಅಕ್ಷರ ಮುತ್ತು. ಇನ್ನೊಬ್ಬನದು ಮಳೆಗಾಲದ ಇರುವೆ ಸಾಲು. ನಾನು ಕಂಡುಕೊಂಡ ಉಪಾಯ ಇದು: ತಿಂಗಳ ಹೆಸರು ಮೊದಲು ಹುಡುಕಿ. ಅಂಕಿ ಮತ್ತು ತಿಂಗಳು ಹೇಗೆ ಬರೆದಿದ್ದಾನೆ ಅಂತ ಗೊತ್ತಾದರೆ ಅವನ ಉಳಿದ ಅಕ್ಷರಗಳೂ ನಿಧಾನಕ್ಕೆ ಬಾಯಿ ಬಿಡುತ್ತವೆ.

ಈಗ ಈ ಕಾಗದಗಳು ಹೇಳುವ ವಿಚಿತ್ರಕ್ಕೆ ಬರುತ್ತೇನೆ. ಬಿಲ್ಲಿ ಸಿಂಗ್ ಲೈಟ್ ಹಾರ್ಸ್‌ನವನು. ಆದರೆ ಅವನಿಗೆ ಹೆಸರು ಬಂದಲ್ಲಿ ಕುದುರೆಯೇ ಇರಲಿಲ್ಲ.

ಇದನ್ನು ಹುಡುಕಿದ್ದು ಎರಡನೇ ತಾಣದಲ್ಲಿ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಜಾಲತಾಣ. ಅಲ್ಲಿ ಪ್ರತಿ ರೆಜಿಮೆಂಟಿನ ಯುದ್ಧ ದಿನಚರಿ ಇದೆ, ತಿಂಗಳ ಪ್ರಕಾರ. ಸರಣಿಯ ಹೆಸರು ಎಡಬ್ಲ್ಯುಎಂ4. 5ನೇ ಲೈಟ್ ಹಾರ್ಸ್‌ನದು 10/10ರ ಕೆಳಗೆ. ಆರ್ಮಿ ಫಾರಂ ಸಿ.2118 ಎಂಬ ಅಚ್ಚಾದ ಹಾಳೆ. ಸ್ಥಳ, ದಿನ ಮತ್ತು ಗಂಟೆ, ನಡೆದದ್ದರ ಸಾರಾಂಶ, ಷರಾ. ಪೆನ್ಸಿಲ್ಲಿನಲ್ಲಿ ಬರೆದ ಪುಟಗಳಲ್ಲಿ ಪರದೆಯ ಬೆಳಕು ಜಾಸ್ತಿ ಮಾಡಿಕೊಂಡರೆ ಅನುಕೂಲ. ಪತ್ರಾಗಾರದ ಕಡತ ಒಬ್ಬ ಮನುಷ್ಯನ ಲೆಕ್ಕ. ಇದು ಇಡೀ ದಳದ ಲೆಕ್ಕ. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ದಿನಾಂಕ ತಾಳೆ ನೋಡಬೇಕು. ಬ್ಯಾಂಕ್ ಪಾಸ್‌ಬುಕ್ಕು, ಕ್ಯಾಷ್‌ಬುಕ್ಕು ತಾಳೆ ನೋಡಿದ ಹಾಗೆ. ನನಗೆ ಇದರಲ್ಲಿ ಸಿಕ್ಕಿದ ಖುಷಿ ಮಗನಿಗೆ ಅರ್ಥವಾಗಲಿಲ್ಲ.

5ನೇ ರೆಜಿಮೆಂಟನ್ನು ಕಟ್ಟಿದ್ದು ಇಲ್ಲೇ, ಬ್ರಿಸ್ಬೇನಿನಲ್ಲಿ. 1914ರ ಡಿಸೆಂಬರ್ 21ರಂದು ಸಿಡ್ನಿಯಿಂದ ಹಡಗು ಹತ್ತಿ 1915ರ ಫೆಬ್ರವರಿ 1ಕ್ಕೆ ಈಜಿಪ್ಟ್ ಮುಟ್ಟಿತು. ಕುದುರೆಗಳೂ ಜೊತೆಗೆ ಹೋದವು. ಲೈಟ್ ಹಾರ್ಸ್‌ನ ಲೆಕ್ಕಾಚಾರ ಹೀಗೆ: ನಾಲ್ಕು ಜನಕ್ಕೆ ಒಂದು ಗುಂಪು. ಕುದುರೆ ಮೇಲೆ ಓಡಿ ಬಂದು, ಇಳಿದು, ಮೂವರು ರೈಫಲ್ ಹಿಡಿದು ಹೋರಾಡಬೇಕು, ನಾಲ್ಕನೆಯವನು ನಾಲ್ಕೂ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು. ಅಂದರೆ ಹಳೇ ಕಾಲದ ಕತ್ತಿ ಝಳಪಿಸುವ ಅಶ್ವದಳ ಇದಲ್ಲ. ಕುದುರೆ ಇವರಿಗೆ ವಾಹನ, ಅಷ್ಟೇ. ಆದರೆ ಟರ್ಕರ ಮೇಲೆ ಯುದ್ಧಕ್ಕೆ ಹೋದ ಟರ್ಕಿಯ ಗಲಿಪೊಲಿಯ ಕಡಿದಾದ ಗುಡ್ಡಗಳಲ್ಲಿ ಅದಕ್ಕೂ ಜಾಗವಿರಲಿಲ್ಲ. ಕುದುರೆಗಳನ್ನು ಈಜಿಪ್ಟಿನಲ್ಲೇ ಬಿಟ್ಟು, 1915ರ ಮೇ 20ರಂದು ಇವರೆಲ್ಲ ಕಾಲಾಳುಗಳಾಗಿ ಗಲಿಪೊಲಿಯ ದಡಕ್ಕೆ ಇಳಿದರು.

ಅಲ್ಲಿ ಆನ್ಜಾಕ್, ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪಡೆಗಳ ಸಾಲಿನ ದಕ್ಷಿಣದ ತುದಿಯಲ್ಲಿ ಚಾತಮ್ಸ್ ಪೋಸ್ಟ್ ಎಂಬ ಕಾವಲು ಜಾಗ. ಬಿಲ್ಲಿ ಅಲ್ಲಿ ಸ್ನೈಪರ್, ಅಂದರೆ ಅಡಗಿ ಕೂತು ದೂರದ ಶತ್ರುವಿಗೆ ಗುರಿಯಿಟ್ಟು ಹೊಡೆಯುವವನು. ಕೂರುತ್ತಿದ್ದದ್ದು ಅಲ್ಲೇ. ಕೈಯಲ್ಲಿ .303 ಲೀ-ಎನ್‌ಫೀಲ್ಡ್ ರೈಫಲ್. ಪಕ್ಕದಲ್ಲಿ ದೂರದರ್ಶಕ ಹಿಡಿದು ಗುರಿ ತೋರಿಸುವ ಜೊತೆಗಾರ. ಬೆಳಗಾಗುವ ಮುಂಚೆ ಜಾಗ ಹಿಡಿದರೆ ಆಮೇಲೆ ಮಿಸುಕುವ ಹಾಗಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಟಾಮ್ ಶೀಹನ್ ಎಂಬ ಜೊತೆಗಾರ ದೂರದರ್ಶಕದಲ್ಲಿ ನೋಡುತ್ತಿದ್ದಾಗ ಎದುರಿನಿಂದ ಬಂದ ಗುಂಡು ಅದರ ಕೊಳವೆಯೊಳಗೇ ನುಗ್ಗಿತು. ಈ ತುದಿಯಿಂದ ಆ ತುದಿಗೆ ಹಾದು, ಶೀಹನ್‌ನ ಕೈಗಳನ್ನೂ ಬಾಯಿ ಕೆನ್ನೆಯನ್ನೂ ಹರಿದು, ಪಕ್ಕದಲ್ಲಿದ್ದ ಬಿಲ್ಲಿಯ ಬಲ ಭುಜಕ್ಕೆ ಹೊಕ್ಕಿತು. ಶೀಹನ್ ಬದುಕಿದ, ಊರಿಗೆ ಹೋದ. ಬಿಲ್ಲಿ ಒಂದು ವಾರದಲ್ಲಿ ಮತ್ತೆ ಅದೇ ಜಾಗದಲ್ಲಿ. ಇಂಥದ್ದಕ್ಕೂ ಬಿ103 ಫಾರಮ್ಮಿನಲ್ಲಿ ಸಿಗುವುದು ಒಂದು ಸಾಲಿನ ಜಾಗ.

ಆಮೇಲೆ ಅವನ ಗುಂಡಿಗೆ ಸತ್ತವರ ಎಣಿಕೆ. ದೃಢಪಟ್ಟದ್ದು 150 ಅಂತ ಒಂದು ಕಡೆ. ಆನ್ಜಾಕ್ ಪಡೆಯ ಮುಖ್ಯಸ್ಥ ಜನರಲ್ ಬರ್ಡ್‌ವುಡ್ 1915ರ ಅಕ್ಟೋಬರ್‌ನಲ್ಲಿ ಅಭಿನಂದಿಸಿದ್ದು 201ಕ್ಕೆ. ಅವನದೇ ರೆಜಿಮೆಂಟಿನ ಮೇಜರ್ ಒಬ್ಬರ ಅಂದಾಜು ಮುನ್ನೂರರ ಹತ್ತಿರ. ಮಗ ಚಾರ್ಟಿನ ನಡುವೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ 201 ಅಂತ ಬರೆದ, ಕ್ರಿಕೆಟ್ ಸ್ಕೋರಿನ ಹಾಗೆ. ನಾನು ಸುಮ್ನೆ ನೋಡುತ್ತಾ ನಿಂತೆ. ನನಗೆ ಹಿಡಿಸಲಿಲ್ಲ. "ಅಷ್ಟು ದೊಡ್ಡದಾಗಿ ಬೇಡ ಕಣೋ" ಅಂದೆ. "ಯಾಕೆ?" ಅಂದ. "ಆ ಕಡೆಯವರಿಗೂ ಒಂದೊಂದು ಕಡತ ಇರುತ್ತೆ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದ. ಕೆಂಪು ಇನ್ನೂ ಕೆಳಗಿಂದ ಕಾಣುತ್ತಿತ್ತು.

1916ರಲ್ಲಿ ಬಿಲ್ಲಿಗೆ ಡಿಸಿಎಂ, ಅಂದರೆ ಡಿಸ್ಟಿಂಗ್ವಿಷ್ಡ್ ಕಾಂಡಕ್ಟ್ ಮೆಡಲ್ ಎಂಬ ಶೌರ್ಯ ಪದಕ ಬಂತು. ಅದೇ ವರ್ಷದ ಜುಲೈನಲ್ಲಿ ಅವನನ್ನು ಲೈಟ್ ಹಾರ್ಸ್‌ನಿಂದ ತೆಗೆದು 31ನೇ ಬೆಟಾಲಿಯನ್‌ಗೆ ಹಾಕಿದರು. ಅದು ಶುದ್ಧ ಕಾಲಾಳು ಪಡೆ. ಫ್ರಾನ್ಸಿನ ಕೆಸರು. 1917ರ ಮಾರ್ಚ್‌ನಲ್ಲಿ ಕಾಲಿಗೆ ಗಾಯ. ಜೂನ್ 29ರಂದು ಎಡಿನ್‌ಬರೋದಲ್ಲಿ ಎಲಿಜಬೆತ್ ಸ್ಟೂವರ್ಟ್ ಎಂಬ ಹೋಟೆಲ್ ಪರಿಚಾರಿಕೆಯ ಜೊತೆ ಮದುವೆ. ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಪಾಲಿಗಾನ್ ವುಡ್ ಯುದ್ಧ. ಬೆಲ್ಜಿಯಂ ಸರ್ಕಾರದ ಕ್ರೋಯಿ ದ ಗೆರ್ ಪದಕ. 1918ರಲ್ಲಿ ಆರ್‌ಟಿಎ.

ಮಗನ ಕ್ಲಾಸಿನಲ್ಲಿ ಲೈಟ್ ಹಾರ್ಸ್ ಅಂದರೆ ಎಲ್ಲರಿಗೂ ಗೊತ್ತಿದ್ದದ್ದು ಪ್ಯಾಲೆಸ್ಟೈನಿನ ಬೀರ್‌ಶೆಬಾ ಯುದ್ಧ ಒಂದೇ. 1917ರ ಅಕ್ಟೋಬರ್ 31ರ ಸಂಜೆ 4ನೇ ಮತ್ತು 12ನೇ ರೆಜಿಮೆಂಟಿನ ಸುಮಾರು 800 ಜನ, ಕತ್ತಿ ಇಲ್ಲದೆ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದು, ಟರ್ಕರ ಕಂದಕಗಳ ಮೇಲೆ ಕುದುರೆ ಓಡಿಸಿಬಿಟ್ಟರು. ಆಗಲೇ ಹೇಳಿದೆನಲ್ಲ, ಇಳಿದು ಹೋರಾಡಬೇಕಾದವರು ಅಂತ. ಆ ದಿನ ಇಳಿಯಲಿಲ್ಲ. ಊರಿನ ಬಾವಿಗಳು ಬೇಕಾಗಿದ್ದವು, ಕುದುರೆಗಳು ಬಾಯಾರಿದ್ದವು. 31 ಜನ ಸತ್ತರು, ಊರು ಸಿಕ್ಕಿತು. ಆ ಹೊತ್ತಿಗೆ ಬಿಲ್ಲಿ ಅಲ್ಲಿಂದ ಸಾವಿರಾರು ಮೈಲಿ ದೂರ.

ಹಾಗಾದರೆ ಅವನ ಕುದುರೆ ಏನಾಯಿತು? ಮಗನ ಪ್ರಶ್ನೆ ಇದು. "ಹೆಸರೇನಿತ್ತು ಅಮ್ಮ?" ನಾನು ಈ ಪ್ರಶ್ನೆಯ ಹಿಂದೆ ನಾಲ್ಕು ರಾತ್ರಿ ಕಳೆದೆ. ಕಡತದಲ್ಲಿ ಇಲ್ಲ. ಪರೀಕ್ಷೆಗೆ ಬೇರೆ ಹತ್ತು ಹನ್ನೆರಡು ಲೈಟ್ ಹಾರ್ಸ್ ಸೈನಿಕರ ಕಡತ ತೆರೆದೆ. ಒಂದರಲ್ಲೂ ಕುದುರೆಯ ಸುದ್ದಿ ಇಲ್ಲ. ಹಲ್ಲಿನ ವಿವರ ಇದೆ, ಎದೆಯ ಸುತ್ತಳತೆ ಇದೆ, ಕಳೆದುಹಾಕಿದ ಕಿಟ್‌ಗೆ ಕತ್ತರಿಸಿದ ಸಂಬಳ ಇದೆ. ಕೂತ ಕುದುರೆ ಮಾತ್ರ ಇಲ್ಲ. ಸೇರುವಾಗ ಸ್ವಂತ ಕುದುರೆ ತಂದವರಿಂದ ಸರ್ಕಾರ ಅದನ್ನು ಕೊಂಡುಕೊಳ್ಳುತ್ತಿತ್ತು. ಆಮೇಲೆ ಅದು ಸರ್ಕಾರದ ಆಸ್ತಿ, ಸೈನಿಕನ ಕಡತಕ್ಕೆ ಸಂಬಂಧವಿಲ್ಲ. ಲೆಕ್ಕದವಳಾಗಿ ನನಗೆ ಇದು ಅರ್ಥವಾಗುತ್ತದೆ. ಅಮ್ಮನಾಗಿ ಉತ್ತರ ಹೇಳಲು ಕಷ್ಟವಾಯಿತು. ಆ ಯುದ್ಧಕ್ಕೆ ಆಸ್ಟ್ರೇಲಿಯಾದಿಂದ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಕುದುರೆಗಳು ಹೋದವು. ಊರಿಗೆ ಮರಳಿ ಬಂದದ್ದು ಒಂದೇ ಒಂದು, ಜನರಲ್ ಬ್ರಿಡ್ಜಸ್‌ನ ಸ್ಯಾಂಡಿ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು, ನಮ್ಮವರಿಗಾಗಿ. 1918ರಲ್ಲಿ ಪ್ಯಾಲೆಸ್ಟೈನಿನಲ್ಲಿ ಜನರಲ್ ಹ್ಯಾರಿ ಶೋವೆಲ್‌ನ ಡೆಸರ್ಟ್ ಮೌಂಟೆಡ್ ಕೋರ್ ಎಂಬ ಕುದುರೆ ಪಡೆಯಲ್ಲಿ ಲೈಟ್ ಹಾರ್ಸ್ ಇದ್ದ ಹಾಗೇ ನಮ್ಮ ಮೈಸೂರು ಸಂಸ್ಥಾನದ ಅಶ್ವದಳ, ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಹಿಡಿದವರು ಅವರು. ಆ ಕೋರ್‌ನ ದಿನಚರಿಯೂ ವಾರ್ ಮೆಮೋರಿಯಲ್ ತಾಣದಲ್ಲಿದೆ. ಕನ್ನಡದಲ್ಲಿ ಈ ಬಗ್ಗೆ ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ಅಲ್ಲಿ ಒಮ್ಮೆ ಇಣುಕಿ.

ಮೂರನೇ ತಾಣ ಟ್ರೋವ್. ರಾಷ್ಟ್ರೀಯ ಗ್ರಂಥಾಲಯದ್ದು. ಹಳೇ ಪತ್ರಿಕೆಗಳ ಭಂಡಾರ, ಬಹುಮಟ್ಟಿಗೆ 1954ರವರೆಗಿನದು. ಸಣ್ಣ ಊರುಗಳ ಪತ್ರಿಕೆಗಳೂ ಇವೆ. ಇದರಲ್ಲಿ ಒಂದು ರಾತ್ರಿ ಕೂತರೆ ಬೆಳಗಾಗುವುದು ಗೊತ್ತಾಗಲ್ಲ, ಎಚ್ಚರಿಕೆ. ಪಕ್ಕದ ಜಾಹೀರಾತುಗಳೇ ಸಾಕು: ಕುದುರೆ ಜೀನು, ಕೆಮ್ಮಿನ ಔಷಧಿ, ಓಡಿಹೋದ ಹಸು. ಪುಟದ ಚಿತ್ರ ಒಂದು ಕಡೆ, ಯಂತ್ರ ಓದಿದ ಪಠ್ಯ ಇನ್ನೊಂದು ಕಡೆ. ಹಳೇ ಅಚ್ಚು ಮಸುಕಾದಲ್ಲಿ ಯಂತ್ರ ಏನೇನೋ ಓದುತ್ತದೆ. ಅದನ್ನು ತಿದ್ದಲು ಓದುಗರಿಗೇ ಬಿಟ್ಟಿದ್ದಾರೆ. ಯಾರು ಬೇಕಾದರೂ ಸಾಲು ಸಾಲಾಗಿ ತಿದ್ದಬಹುದು. ನಾನು ಇಲ್ಲಿಯವರೆಗೆ 212 ಸಾಲು ತಿದ್ದಿದ್ದೇನೆ. ಕಚೇರಿಯಲ್ಲಿ ದಿನವಿಡೀ ಬೇರೆಯವರ ತಪ್ಪು ತಿದ್ದಿ, ಮನೆಗೆ ಬಂದು ಅದನ್ನೇ ಪುಕ್ಕಟೆಯಾಗಿ ಮಾಡುವುದಕ್ಕೆ ನನ್ನ ಗಂಡ ನಗುತ್ತಾರೆ.

ಟ್ರೋವ್‌ನಿಂದಲೇ ನಾವು ಟೋಪಿಯ ಕಥೆಗೆ ಹೋದದ್ದು. ಲೈಟ್ ಹಾರ್ಸ್‌ನವರ ಟೋಪಿಗೆ ಎಮು ಹಕ್ಕಿಯ ಗರಿ ಇರುತ್ತದೆ. ಕೇಳಿದ ಬ್ರಿಟಿಷರಿಗೆ "ಇದು ಕಾಂಗರೂ ಗರಿ" ಅಂತ ಇವರು ಗಂಭೀರವಾಗಿ ಹೇಳುತ್ತಿದ್ದರಂತೆ. ಆ ಗರಿ ಶುರುವಾದದ್ದು ಕ್ವೀನ್ಸ್‌ಲ್ಯಾಂಡ್ ಮೌಂಟೆಡ್ ಇನ್‌ಫೆಂಟ್ರಿಯಲ್ಲಿ, 1891ರಲ್ಲಿ, ಕುರಿಯ ಉಣ್ಣೆ ಕತ್ತರಿಸುವವರ ದೊಡ್ಡ ಮುಷ್ಕರವನ್ನು ಹತ್ತಿಕ್ಕಲು ಅವರನ್ನು ಕಳಿಸಿದಾಗ. ಆ ಮುಷ್ಕರ ಮೊದಲು ಹೊತ್ತಿಕೊಂಡದ್ದು ಕ್ಲೆರ್ಮಾಂಟ್ ಹತ್ತಿರದ ಲೋಗನ್ ಡೌನ್ಸ್‌ನಲ್ಲಿ. ಮುಷ್ಕರಗಾರರ ಬೇಡಿಕೆಗಳಲ್ಲಿ ಚೀನೀ ಕೂಲಿಗಳನ್ನು ಹೊರಗಿಡಬೇಕು ಅನ್ನೋದೂ ಒಂದು. ಆಗ ಬಿಲ್ಲಿಗೆ ಐದು ವರ್ಷ, ಅದೇ ಕ್ಲೆರ್ಮಾಂಟ್‌ನಲ್ಲಿ. ಇಪ್ಪತ್ತಮೂರು ವರ್ಷದ ಮೇಲೆ ಆ ಗರಿಯ ಟೋಪಿ ಹಾಕುವ ಸೇನೆಗೇ ಸೇರಿದ. ಇದು ಯಾವ ಕಡತದಲ್ಲೂ ಒಂದೇ ಕಡೆ ಬರೆದಿರುವುದಿಲ್ಲ. ಮೂರು ಕಡೆಯಿಂದ ತಂದು ಜೋಡಿಸಿಕೊಂಡರೆ ಮಾತ್ರ ಕಾಣುತ್ತದೆ.

ಟೋಪಿಯ ಮಾತು ಬಂತು ಅಂತ ಇನ್ನೊಂದು ಕಿರು ವಿಮರ್ಶೆ. ಪ್ರಾಜೆಕ್ಟಿಗೆ ಅಂತ ಆನ್‌ಲೈನಿನಲ್ಲಿ 24 ಡಾಲರ್‌ಗೆ ಒಂದು ನಕಲಿ ಟೋಪಿ ತರಿಸಿದೆ. 'ಅಸಲಿ ಎಮು ಗರಿ' ಅಂತ ಬರೆದಿದ್ದರು. ಬಂದದ್ದು ಕಂದು ಬಣ್ಣ ಹಾಕಿದ ಕೋಳಿ ಪುಕ್ಕ. ಎಮುವಿನ ಗರಿಯಲ್ಲಿ ಒಂದೇ ಬುಡದಿಂದ ಎರಡು ಕಡ್ಡಿ ಹೊರಡುತ್ತವೆ, ನೂಲಿನ ಹಾಗೆ ಜೋತಾಡುತ್ತವೆ. ಇದು ನೆಟ್ಟಗೆ ನಿಂತಿತ್ತು. ಎರಡನೇ ದಿನ ಮಗನ ಬಿಳಿ ಶರ್ಟಿಗೆ ಬಣ್ಣ ಬಿಟ್ಟಿತು. ಅರ್ಧ ಸ್ಟಾರ್, ಟೋಪಿಯ ಬಟ್ಟೆ ಪರವಾಗಿಲ್ಲ ಅನ್ನೋದಕ್ಕೆ.

ಮತ್ತೆ ಬಿಲ್ಲಿಗೆ. ವಾಪಸ್ ಬಂದ ಮೇಲಿನ ಇಪ್ಪತ್ತೈದು ವರ್ಷ ಸೇನೆಯ ಕಡತಕ್ಕೆ ಬೇಡ. ಕುರಿ ಸಾಕಲು ಹೋದ, ಕೈಗೂಡಲಿಲ್ಲ. ಕ್ಲೆರ್ಮಾಂಟ್ ಕಡೆ ಚಿನ್ನದ ಗಣಿಗಾರಿಕೆ ಮಾಡಿದ, ಅದೂ ಅಷ್ಟಕ್ಕಷ್ಟೇ. ಫ್ರಾನ್ಸಿನ ವಿಷಾನಿಲ ಎದೆಯಲ್ಲಿ ಉಳಿದಿತ್ತು. 1942ರಲ್ಲಿ ಬ್ರಿಸ್ಬೇನಿಗೆ ಬಂದ. 1943ರ ಮೇ 19ರಂದು ನಮ್ಮ ರಸ್ತೆಯ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಸತ್ತ. ಕೋಣೆಯಲ್ಲಿ 5 ಶಿಲ್ಲಿಂಗ್ ಸಿಕ್ಕಿತು. ಗಣಿ ಜಾಗದಲ್ಲಿ ಸುಮಾರು 20 ಪೌಂಡ್ ಬೆಲೆಯ ಗುಡಿಸಲು. ಯಜಮಾನನಿಂದ ಬರಬೇಕಿದ್ದ ಸಂಬಳ 6 ಪೌಂಡ್ 10 ಶಿಲ್ಲಿಂಗ್ 8 ಪೆನ್ಸ್. ಪದಕಗಳು ಇರಲಿಲ್ಲ. ಇದನ್ನೆಲ್ಲ ಹುಡುಕಿ ತೆಗೆದವರು ಅವನ ಜೀವನ ಬರೆದವರು.

ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ತಾತನ ರೂಪಾಯಿ-ಆಣೆ-ಪೈ ಲೆಕ್ಕದ ಹಾಗೆಯೇ. ಎಐಎಫ್‌ನಲ್ಲಿ ಸಾಮಾನ್ಯ ಸೈನಿಕನಿಗೆ ದಿನಕ್ಕೆ 6 ಶಿಲ್ಲಿಂಗ್. ಭಾಗಿಸಿ ನೋಡಿದೆ. ಬರಬೇಕಿದ್ದ ಸಂಬಳ ಅಂದರೆ ಟ್ರೂಪರ್ ಒಬ್ಬನ 22 ದಿನದ ಕೂಲಿಗೆ ಒಂದೆರಡು ಶಿಲ್ಲಿಂಗ್ ಕಡಿಮೆ. ಮಗ ಅದನ್ನು ಚಾರ್ಟಿನ ಕೆಳಗೆ ಒಂದು ಪಟ್ಟಿ ಮಾಡಿ ಹಾಕಿದ. ಟೀಚರ್ ಅದರ ಪಕ್ಕದಲ್ಲಿ ಎರಡು ಟಿಕ್ ಹಾಕಿದ್ದರು.

ಒಂದು ಭಾನುವಾರ ಲಟ್ವಿಚ್ ಸ್ಮಶಾನಕ್ಕೂ ಹೋಗಿ ಬಂದೆವು. ಗಿಂಪಿ ರಸ್ತೆಯ ಪಕ್ಕದಲ್ಲೇ ಇದೆ. ಸಮಾಧಿ ಹುಡುಕಲು ಹೊತ್ತು ಹಿಡಿಯುತ್ತದೆ, ನೀರಿನ ಬಾಟಲಿ ಮರೆಯಬೇಡಿ. ಮಗ ಕೋಳಿ ಪುಕ್ಕದ ಟೋಪಿಯನ್ನು ಕಾರಿನಲ್ಲೇ ಬಿಟ್ಟು ಬಂದ. ನಾನು ಕಾರಣ ಕೇಳಲಿಲ್ಲ.

ಅಂಕ ಕೊಡುವುದಾದರೆ: ಪತ್ರಾಗಾರಕ್ಕೆ ಐದಕ್ಕೆ ಐದು, ವಾರ್ ಮೆಮೋರಿಯಲ್‌ನ ದಿನಚರಿಗಳಿಗೆ ಐದು, ಟ್ರೋವ್‌ಗೆ ಐದು ಮತ್ತು ನಿದ್ದೆ ಕೆಡಿಸಿದ್ದಕ್ಕೆ ಒಂದು ಬೈಗುಳ. ಮೊದಲು ಪತ್ರಾಗಾರಕ್ಕೆ ಹೋಗಿ, ಕಡತವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ, ಕಡತದ ಐಡಿ ನಂಬರ್ ಬರೆದಿಟ್ಟುಕೊಳ್ಳಿ. ಮತ್ತೆ ಹುಡುಕುವ ಕಷ್ಟ ತಪ್ಪುತ್ತದೆ. ಆಮೇಲೆ ದಿನಚರಿ. ಪತ್ರಿಕೆ ಕೊನೆಗೆ.

ಮಗ ಈಗ 5ನೇ ರೆಜಿಮೆಂಟಿನ 1918ರ ಸೆಪ್ಟೆಂಬರ್ ಪುಟ ತೆರೆದು ಕೂತಿದ್ದಾನೆ. ಜಿಜಾ ಎಂಬಲ್ಲಿ ಶರಣಾದ ಸಾವಿರಾರು ಟರ್ಕರು, ಸುತ್ತ ಬೆದೂಯಿನ್ ಪಡೆ (ಮರುಭೂಮಿಯ ಅರಬ್ ಬುಡಕಟ್ಟಿನವರು) ದಾಳಿ ಮಾಡುವ ಭಯ ಇದ್ದದ್ದರಿಂದ ಆ ರಾತ್ರಿ ಬಂದೂಕು ಕೆಳಗಿಡದೆ ಆಸ್ಟ್ರೇಲಿಯನ್ನರ ಜೊತೆಗೇ ಕಾವಲು ಕಾದರಂತೆ. "ಇವತ್ತು ಬೆಳಗ್ಗೆವರೆಗೂ ಶತ್ರು, ರಾತ್ರಿ ಒಟ್ಟಿಗೆ ಕಾವಲಾ?" ಅಂತ ಎರಡು ಸಲ ಕೇಳಿದ. ಹೋಂವರ್ಕ್ ಮುಗಿಸಿ ನೋಡು ಅಂದಿದ್ದೇನೆ. ನನ್ನ 39 ಡಾಲರಿನ ತಾಣ ಎರಡನೇ ತಿಂಗಳಿಗೂ ತಾನೇ ಹಣ ಕಡಿತ ಮಾಡಿಕೊಂಡಿದೆ. ಮೂರು ಇಮೇಲ್ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.